ಮುಚ್ಚಳಿಕೆಯ ವಿದ್ಯೆ

ನಮ್ಮ ಕಂದಾಯದ ಕಚೇರಿಗಳಲ್ಲಿಯೂ ಪೋಲೀಸು ಠಾಣೆಗಳಲ್ಲಿಯೂ ಬಹುಕಾಲದಿಂದ ಬಳಕೆಯಲ್ಲಿರುವ ‘ಮುಚ್ಚಳಿಕೆ’ ಎಂಬ ಮಾತು ಹುಟ್ಟಿನಿಂದ ಕನ್ನಡದ್ದಲ್ಲ; ತುರ್ಕಿಯರ ನುಡಿಯಲ್ಲಿ ಹುಟ್ಟಿ, ಪಾರಸಿಯೊಡನೆ ದಕ್ಷಿಣದ ದಫ್ತರಗಳಿಗೆ ಇಳಿದು, ಶಾನುಭೋಗರ ಲೇಖಣಿಗೆ ಹತ್ತಿ, ಕಡೆಗೆ ಹಳ್ಳಿಯ ಹೆಂಗಸರ ಬಾಯಲ್ಲಿಯೂ ನೆಲೆಗೊಂಡಿತು. ಗೇಣಿಗೆ ಹೊಲ ಹಿಡಿದವನು, ಜಾಮೀನಿನ ಮೇಲೆ ಬಿಡುಗಡೆಯಾಗಿ ಬಂದವನು, ಸರ್ಕಾರದ ಕಂತ್ರಾಟನ್ನು ಹಿಡಿದವನು, ಇವರೆಲ್ಲರೂ ಮುದ್ರೆಯ ಕಾಗದದ ಮೇಲೆ ಬರೆದುಕೊಡುತ್ತಿದ್ದ ಈ ಕಟ್ಟುಪಾಡನ್ನು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಹೊಸದೊಂದು ವರ್ಗದವರೂ ಬರೆದುಕೊಡತೊಡಗಿದರು. ಅವರು ಹೊಲ ಹಿಡಿದವರಲ್ಲ, ಅಪರಾಧ ಮಾಡಿದವರೂ ಅಲ್ಲ. ವಿದ್ಯೆಯನ್ನು ಅರಸಿ ಹಡಗು ಹತ್ತಲು ಸಿದ್ಧರಾಗಿ ನಿಂತಿದ್ದ ತರುಣರು. ಓದಿ ಮುಗಿಸಿದ ಮೇಲೆ ಇಷ್ಟು ವರ್ಷ ನಿಮ್ಮ ಸೇವೆಯಲ್ಲಿರುತ್ತೇನೆ, ಇಲ್ಲವೆ ಇಷ್ಟು ಹಣವನ್ನು ಹಿಂದಿರುಗಿಸುತ್ತೇನೆ ಎಂದು ಅವರು ಬರೆದ ಆ ಪತ್ರಗಳ ಇತಿಹಾಸವನ್ನು ಹಿಂಬಾಲಿಸಿ ಹೋದರೆ, ಪದವಿಯೆಂಬುದಕ್ಕೆ ನಮ್ಮ ದೇಶದಲ್ಲಿ ಯಾವ ಬೆಲೆ ತೆರಬೇಕಾಗಿದ್ದಿತು, ತೆತ್ತ ಬೆಲೆಗೆ ತಕ್ಕ ಪ್ರತಿಫಲವು ಯಾರಿಗೆ ದೊರೆಯಿತು, ಯಾರಿಗೆ ದೊರೆಯಲಿಲ್ಲವೆಂಬುದು ನಿಚ್ಚಳವಾಗಿ ಕಾಣುತ್ತದೆ.

ಈ ಪತ್ರಗಳಿಗೆ ಮೊದಲು ಬಡವರ ಮಕ್ಕಳು ಓದಲಿಲ್ಲವೆಂದಲ್ಲ. ಹಳೆಯ ಮೈಸೂರಿನಲ್ಲಿ ವಾರಾನ್ನವೆಂಬ ಪದ್ಧತಿಯೊಂದಿದ್ದಿತು. ಹಳ್ಳಿಯಿಂದ ಪಟ್ಟಣಕ್ಕೆ ಓದಲು ಬಂದ ಹುಡುಗನು ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ವಾರವನ್ನು ತುಂಬಿಸಿಕೊಳ್ಳುತ್ತಿದ್ದನು. ಯಾವುದಾದರೂ ಒಂದು ವಾರದ ಮನೆ ಸಿಕ್ಕದಿದ್ದರೆ ಆ ದಿನ ನೀರು ಕುಡಿದು ಮಲಗುತ್ತಿದ್ದನು, ಇಲ್ಲವೆ ಛತ್ರದ ಪಂಕ್ತಿಯನ್ನು ನೆಚ್ಚಿಕೊಳ್ಳುತ್ತಿದ್ದನು. ಬೀದಿಯ ದೀಪದ ಕೆಳಗೆ ಓದಿದವರ ಕಥೆಗಳಲ್ಲಿ ಅರ್ಧ ವಾರಾನ್ನದ ಹುಡುಗರ ಕಥೆಗಳೇ. ಅನ್ನವಿಟ್ಟ ತಾಯಂದಿರು ಯಾವ ಕಾಗದವನ್ನೂ ಬರೆಸಿಕೊಳ್ಳಲಿಲ್ಲ. ಹುಡುಗನು ಮುಂದೆ ಅಮಲ್ದಾರನಾದಾಗ ಆ ಮನೆಯ ಬಾಗಿಲಿಗೆ ಬಂದು ನಮಸ್ಕರಿಸಿದರೆ ಅಷ್ಟಕ್ಕೇ ಅವರ ಮನಸ್ಸು ತುಂಬುತ್ತಿದ್ದಿತು. ಈ ಔದಾರ್ಯವು ದೊಡ್ಡದು, ಅದನ್ನು ಹಗುರವಾಗಿ ನೆನೆಯುವುದು ಕೃತಘ್ನತೆಯಾದೀತು. ಆದರೆ ಅದರ ಅಡಿಗೆಮನೆಗೆ ಒಂದು ಹೊಸಿಲಿದ್ದಿತು. ವಾರಾನ್ನವು ಜಾತಿಯವರು ಜಾತಿಯವರಿಗೆ ಇಟ್ಟ ಅನ್ನ. ಬಳಿಕ ಬಂದ ಉಚಿತ ವಿದ್ಯಾರ್ಥಿನಿಲಯಗಳು ಕೂಡ, ಅವುಗಳಿಂದ ಸಾವಿರಾರು ಮಕ್ಕಳ ಬಾಳು ಬೆಳಗಿತೆಂಬುದು ಸತ್ಯವಾದರೂ, ಬಹುಮಟ್ಟಿಗೆ ಒಂದೊಂದು ಸಮುದಾಯವು ತನ್ನವರಿಗಾಗಿ ಕಟ್ಟಿಕೊಂಡ ಆಶ್ರಯಗಳಾಗಿದ್ದುವು. ಊರಾಚೆಯ ಕೇರಿಯ ಹುಡುಗನಿಗೆ ಏಳು ಮನೆಗಳಿರಲಿ, ಒಂದು ಜಗಲಿಯೂ ಇರಲಿಲ್ಲ. 1897ರಲ್ಲಿ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತರ ಮಕ್ಕಳಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ನನ್ನು ತೆರೆದಾಗ ಅವರ ಸ್ವಂತ ಜನರೇ ಅವರಿಗೆ ಬಹಿಷ್ಕಾರ ಹಾಕಿದರೆಂಬುದನ್ನು ನೆನೆದರೆ, ಆ ಹೊಸಿಲು ಎಷ್ಟು ಎತ್ತರವಾಗಿದ್ದಿತೆಂಬುದು ತಿಳಿಯುತ್ತದೆ.

ಊಟದ ಮಾತು ಹೀಗಾದರೆ, ಸಮುದ್ರದಾಚೆಯ ವಿದ್ಯೆಗೆ ಬೇಕಾದ ಸಾವಿರಾರು ರೂಪಾಯಿಗಳ ಮಾತೇ ಬೇರೆ. ವಿದ್ಯೆಗೆ ಸಾಲ ಕೊಡುವವನಿಗೆ ಸಾಹುಕಾರನಿಗಿಲ್ಲದ ಒಂದು ತೊಡಕಿದೆ. ಹೊಲಕ್ಕೆ ಸಾಲ ಕೊಟ್ಟರೆ ಹೊಲವನ್ನು ಅಡವಿಟ್ಟುಕೊಳ್ಳಬಹುದು, ಒಡವೆಗೆ ಕೊಟ್ಟರೆ ಒಡವೆಯನ್ನು ಪೆಟ್ಟಿಗೆಯಲ್ಲಿಡಬಹುದು. ತಲೆಯೊಳಗೆ ಸೇರಿದ ವಿದ್ಯೆಯನ್ನು ಅಡವು ಹಿಡಿಯುವುದು ಹೇಗೆ? ಕೇಂಬ್ರಿಜ್ಜಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ಲರು 1890ರಲ್ಲಿ ಪ್ರಕಟವಾದ ತಮ್ಮ ಮಹಾಗ್ರಂಥದಲ್ಲಿ ಇದನ್ನೇ ವಿವೇಚಿಸಿ, ಒಬ್ಬ ಮನುಷ್ಯನನ್ನು ಸಾಕಿ ಕಲಿಸಲು ವೆಚ್ಚಮಾಡಿದವರಿಗೆ ಅವನ ದುಡಿಮೆಯ ಬೆಲೆಯಲ್ಲಿ ಸಲ್ಲುವುದು ಅತ್ಯಲ್ಪವೆಂದೂ, ಆದುದರಿಂದಲೇ ಬಡವರ ಮಕ್ಕಳ ಶಿಕ್ಷಣಕ್ಕೆ ಹಣ ಹೂಡುವವರು ದುರ್ಲಭರೆಂದೂ ತೋರಿಸಿಕೊಟ್ಟಿದ್ದರು. ಯಂತ್ರವನ್ನು ಕೊಂಡವನು ಯಂತ್ರಕ್ಕೆ ಒಡೆಯನಾಗುತ್ತಾನೆ. ಮನುಷ್ಯನನ್ನು ಓದಿಸಿದವನು ಮನುಷ್ಯನಿಗೆ ಒಡೆಯನಾಗಲಾರನು, ಆಗಲೂಬಾರದು.

ಈ ತೊಡಕನ್ನು ಬಿಡಿಸಲು ನಮ್ಮ ದೇಶದಲ್ಲಿ ಎರಡು ದಾರಿಗಳು ಹುಟ್ಟಿಕೊಂಡುವು. ಒಂದು, ವಣಿಕರ ದಾರಿ. 1892ರಲ್ಲಿ ಜಮ್‌ಶೇಟ್‌ಜಿ ಟಾಟಾರವರು ಭಾರತೀಯರ ಉಚ್ಚಶಿಕ್ಷಣಕ್ಕಾಗಿ ಒಂದು ನಿಧಿಯನ್ನು ಸ್ಥಾಪಿಸಿದರು. ಅದರಿಂದ ಕೊಡುತ್ತಿದ್ದುದು ದಾನವಲ್ಲ, ಸಾಲ. ಓದಿ ಬಂದವನು ಸಂಪಾದಿಸಿ ಹಿಂದಿರುಗಿಸಿದರೆ ಅದೇ ಹಣವು ಇನ್ನೊಬ್ಬನನ್ನು ಕಳುಹಿಸುವುದು ಎಂಬುದೇ ಅವರ ಎಣಿಕೆ. ಮೊದಲು ಆ ನೆರವನ್ನು ಪಡೆದ ಇಬ್ಬರೂ ವೈದ್ಯವಿದ್ಯೆಗಾಗಿ ಹೊರಟ ಸ್ತ್ರೀಯರು, ಫ್ರೇನಿ ಕಾಮಾ ಮತ್ತು ಕೃಷ್ಣಾಬಾಯಿ ಕೇಳವಕರ್ ಎಂಬುದನ್ನು ಆ ಕಾಲದ ಮಟ್ಟಿಗೆ ಒಂದು ಆಶ್ಚರ್ಯವೆಂದೇ ಗಣಿಸಬೇಕು. ಇನ್ನೊಂದು, ದೊರೆಗಳ ದಾರಿ. ಬರೋಡಾದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು ಹಣವನ್ನು ಹಿಂದಕ್ಕೆ ಕೇಳುವುದಕ್ಕೆ ಬದಲಾಗಿ ವಿದ್ಯಾರ್ಥಿಯ ಸೇವೆಯನ್ನು ಕೇಳಿದರು. ಸಂಸ್ಥಾನದ ಬೊಕ್ಕಸದಿಂದ ಓದಿದವನು ಸಂಸ್ಥಾನದ ಆಡಳಿತಕ್ಕೆ ಬಂದು ದುಡಿಯಬೇಕು. ಇದು ಕ್ರೂರವಾದ ಕರಾರಲ್ಲ, ಏಕೆಂದರೆ ಆ ದುಡಿಮೆಗೆ ಸಂಬಳವಿದ್ದಿತು, ಗೌರವದ ಹುದ್ದೆಯಿದ್ದಿತು. ಸಾಲವೂ ಅದೇ, ಸಾಲವನ್ನು ತೀರಿಸುವ ಸಂಪಾದನೆಯ ಭರವಸೆಯೂ ಅದೇ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ಕಲ್ಪಿಸುವುದು ಕಷ್ಟ.

1913ರ ಜೂನ್ 4ರಂದು ಬರೋಡಾ ಸಂಸ್ಥಾನದ ವಿದ್ಯಾಮಂತ್ರಿಯ ಸಹಾಯಕರ ಮುಂದೆ ಇಂಥದೊಂದು ಕರಾರಿಗೆ ಇಪ್ಪತ್ತೆರಡು ವರ್ಷ ವಯಸ್ಸಿನ ಭೀಮರಾವ್ ರಾಮಜಿ ಅಂಬೇಡ್ಕರರು ಸಹಿ ಹಾಕಿದರು. ತಂದೆ ಸುಬೇದಾರ್ ರಾಮಜಿಯವರು ತೀರಿಕೊಂಡು ಇನ್ನೂ ನಾಲ್ಕು ತಿಂಗಳಾಗಿದ್ದಿತು, ಅಷ್ಟೆ. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದುತ್ತಿದ್ದ ಕಾಲದಲ್ಲಿಯೇ, ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಉದಾರಹೃದಯದ ಉಪಾಧ್ಯಾಯರು ಅವರನ್ನು ಗಾಯಕವಾಡರ ಬಳಿಗೆ ಕರೆದುಕೊಂಡು ಹೋಗಿದ್ದರಿಂದ, ತಿಂಗಳಿಗೆ 25 ರೂಪಾಯಿಗಳ ವೇತನವು ದೊರೆಯುತ್ತಿದ್ದಿತು. ಈಗ ದೊರೆತುದು ಅದಕ್ಕಿಂತ ಬಹು ದೊಡ್ಡದು: ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಓದಲು ಮೂರು ವರ್ಷಗಳವರೆಗೆ ತಿಂಗಳಿಗೆ ಹನ್ನೊಂದೂವರೆ ಪೌಂಡು. ಪ್ರತಿಯಾಗಿ, ಹಿಂದಿರುಗಿದ ಮೇಲೆ ಹತ್ತು ವರ್ಷ ಬರೋಡಾದ ಸೇವೆ.

ಈ ಮೊತ್ತವನ್ನು ಲೆಕ್ಕ ಹಾಕಿ ನೋಡುವುದು ಅನುಚಿತವಾಗಲಾರದು. ನಾವು ಮಾತನಾಡುತ್ತಿರುವುದು ಒಬ್ಬ ಅರ್ಥಶಾಸ್ತ್ರಜ್ಞರ ವಿದ್ಯೆಯನ್ನು ಕುರಿತು. ಯುದ್ಧಪೂರ್ವದ ವಿನಿಮಯದಲ್ಲಿ ಒಂದು ಪೌಂಡಿಗೆ 15 ರೂಪಾಯಿಗಳು ಸಲ್ಲುತ್ತಿದ್ದುವು. ಆ ಪ್ರಕಾರ ತಿಂಗಳಿಗೆ 172 ರೂಪಾಯಿ 8 ಆಣೆ. ಮೂವತ್ತಾರು ತಿಂಗಳಿಗೆ 414 ಪೌಂಡು, ಎಂದರೆ 6,210 ರೂಪಾಯಿ. ಇದರಲ್ಲಿಯೇ ಬಾಡಿಗೆ, ಊಟ, ಪುಸ್ತಕಗಳೆಲ್ಲವೂ ನಡೆಯಬೇಕು. ಇದರಲ್ಲಿಯೇ ಉಳಿಸಿ ಮುಂಬಯಿಯಲ್ಲಿದ್ದ ಸಂಸಾರಕ್ಕೂ ಕಳುಹಿಸಬೇಕು. ಅವರು ಅದನ್ನು ಹೇಗೆ ಬಳಸಿದರೆಂಬುದಕ್ಕೆ ವಿಶ್ವವಿದ್ಯಾಲಯದ ದಾಖಲೆಯೇ ಸಾಕ್ಷಿ. ಅರ್ಥಶಾಸ್ತ್ರವೊಂದರಲ್ಲಿಯೇ 29 ಪಾಠಕ್ರಮಗಳು. ಅದರ ಜೊತೆಗೆ ಇತಿಹಾಸ, ಸಮಾಜಶಾಸ್ತ್ರ, ತತ್ತ್ವಶಾಸ್ತ್ರ, ಮಾನವಶಾಸ್ತ್ರಗಳು. ಪ್ರಾಚೀನ ಭಾರತದ ವಾಣಿಜ್ಯವನ್ನು ಕುರಿತ ಪ್ರಬಂಧಕ್ಕೆ 1915ರಲ್ಲಿ ಎಂ.ಎ. ಪದವಿ ಬಂದಿತು. ಮರುವರ್ಷ, ಸಾರ್ವಜನಿಕ ಹಣಕಾಸಿನ ಶಾಸ್ತ್ರದಲ್ಲಿ ಜಗದ್ವಿಖ್ಯಾತರಾಗಿದ್ದ ಎಡ್ವಿನ್ ಸೆಲಿಗ್‌ಮನ್ನರ ಮಾರ್ಗದರ್ಶನದಲ್ಲಿ, ಭಾರತದ ರಾಷ್ಟ್ರೀಯ ಆದಾಯದ ವಿಚಾರವಾಗಿ ಬರೆದ ಪಿಎಚ್.ಡಿ. ಪ್ರಬಂಧವೂ ಸಲ್ಲಿಕೆಯಾಯಿತು. ನ್ಯೂಯಾರ್ಕಿನ ಹಳೆಯ ಪುಸ್ತಕದ ಅಂಗಡಿಗಳಿಂದ ಹೊಟ್ಟೆ ಕಟ್ಟಿ ಕೊಂಡ ಗ್ರಂಥಗಳ ರಾಶಿಯೇ ಅವರು ಕೂಡಿಟ್ಟ ಆಸ್ತಿ.

ಅಲ್ಲಿಂದ ಅವರು ಲಂಡನ್ನಿಗೆ ಹೋಗಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಅನ್ನೂ, ನ್ಯಾಯವಾದಿಯ ಪದವಿಗಾಗಿ ಗ್ರೇಸ್ ಇನ್ ಅನ್ನೂ ಸೇರಿದರು. ವೇತನವು ಒಂದು ವರ್ಷ ಮುಂದುವರಿದು ಬಳಿಕ ನಿಂತಿತು. 1917ರ ಬೇಸಗೆಯಲ್ಲಿ, ಓದು ನಡುದಾರಿಯಲ್ಲಿರುವಾಗಲೇ, ಅವರು ಹಿಂದಿರುಗಬೇಕಾಯಿತು. ನಾಲ್ಕು ವರ್ಷಗಳೊಳಗೆ ಮರಳಿ ಬಂದು ಮುಂದುವರಿಸಬಹುದೆಂಬ ಅಪ್ಪಣೆಯನ್ನು ಮಾತ್ರ ವಿಶ್ವವಿದ್ಯಾಲಯದಿಂದ ಪಡೆದುಕೊಂಡರು. ಮಹಾಯುದ್ಧದ ಕಾಲ, ಅವರ ಸಾಮಾನು ಪುಸ್ತಕಗಳನ್ನು ಹೊತ್ತು ಬೇರೆಯಾಗಿ ಹೊರಟಿದ್ದ ಹಡಗು ಜರ್ಮನರ ಟಾರ್ಪೀಡೋವಿಗೆ ಗುರಿಯಾಗಿ ಮುಳುಗಿಹೋಯಿತು. ಆ ಸಾಮಾನಿಗೆ ಸಂದ ಪರಿಹಾರಧನವೇ ಬರೋಡಾದ ಪ್ರಯಾಣಕ್ಕೆ ಒದಗಿತು. ಮುಳುಗಿದ ಗ್ರಂಥಗಳ ಬೆಲೆಯಿಂದ ಅವರು ತಮ್ಮ ಋಣವನ್ನು ತೀರಿಸಲು ಹೊರಟರು.

1917ರ ಸೆಪ್ಟೆಂಬರಿನಲ್ಲಿ ಬರೋಡಾದಲ್ಲಿ ನಡೆದ ಸಂಗತಿಗಳನ್ನು ಅಂಬೇಡ್ಕರರೇ ಬರೆದಿಟ್ಟಿದ್ದಾರೆ. ಅವನ್ನು ಓದಿದವರಿಗೆ ಆ ಪುಟಗಳು ಮರೆತುಹೋಗಲಾರವು. ಅವುಗಳಲ್ಲಿ ಆಕ್ರೋಶವಿಲ್ಲ, ಲೆಕ್ಕದ ಪುಸ್ತಕದಲ್ಲಿರುವಂಥ ನಿಖರತೆಯಿದೆ. ಊರಿನ ಹಿಂದೂ ವಸತಿಗೃಹಗಳಲ್ಲಿ ತಮಗೆ ಇಂಬಿಲ್ಲವೆಂಬುದನ್ನು ತಿಳಿದಿದ್ದ ಅವರು ಪಾರ್ಸಿಗಳ ವಸತಿಗೃಹವೊಂದಕ್ಕೆ ಹೋದರು. ಅದು ಪಾರ್ಸಿಗಳಿಗೆ ಮಾತ್ರವೆಂದು ತಿಳಿದ ಮೇಲೆ, ಅದರ ಪಾಲಕನ ಒಪ್ಪಿಗೆಯಿಂದಲೇ, ಪಾರ್ಸಿಯ ಹೆಸರೊಂದನ್ನು ಪುಸ್ತಕದಲ್ಲಿ ಬರೆಸಿ, ದಿನಕ್ಕೆ ಒಂದೂವರೆ ರೂಪಾಯಿಯಂತೆ ಕೊಟ್ಟು ಇಳಿದುಕೊಂಡರು. ಬೇರೆ ಯಾರೂ ಇಳಿಯದ, ಮುರುಕು ಸಾಮಾನುಗಳನ್ನು ಒಟ್ಟಿದ್ದ, ಬೆಳಕಿಲ್ಲದ ಮಹಡಿ. ಹಗಲು ಕಚೇರಿ, ರಾತ್ರಿ ಪುಸ್ತಕ. ಕಚೇರಿಯಲ್ಲಿಯೂ ಸುಖವಿರಲಿಲ್ಲ: ಮುಂದೆ ಹಣಕಾಸಿನ ಮಂತ್ರಿಯಾಗಬೇಕೆಂಬ ಉದ್ದೇಶದಿಂದ ಮಹಾರಾಜರ ಸೇನಾಕಾರ್ಯದರ್ಶಿಯಾಗಿ ನೇಮಕಗೊಂಡ ಅವರ ಮೇಜಿನ ಮೇಲೆ ಜವಾನರು ಕಾಗದದ ಕಟ್ಟುಗಳನ್ನು ದೂರದಿಂದಲೇ ಎಸೆಯುತ್ತಿದ್ದರು, ಕುಡಿಯುವ ನೀರು ಅವರಿಗೆ ದೊರೆಯುತ್ತಿರಲಿಲ್ಲ. ಸರ್ಕಾರದ ಬಂಗಲೆಯೊಂದನ್ನು ಕೊಡಬೇಕೆಂದು ಅರ್ಜಿ ಕೊಟ್ಟಿದ್ದರು. ಅದು ದಿನದಿಂದ ದಿನಕ್ಕೆ ಮುಂದೆ ಹೋಗುತ್ತಿದ್ದಿತು.

ಹನ್ನೊಂದನೆಯ ದಿನ ಬೆಳಿಗ್ಗೆ, ಗ್ರಂಥಾಲಯದಿಂದ ತಂದಿದ್ದ ಪುಸ್ತಕಗಳನ್ನು ಹಿಂದಿರುಗಿಸಲೆಂದು ಕೈಗೆತ್ತಿಕೊಂಡು ಹೊರಡುತ್ತಿರುವಾಗ, ಹತ್ತುಹನ್ನೆರಡು ಮಂದಿ ಪಾರ್ಸಿಗಳು ಕೋಲುಗಳನ್ನು ಹಿಡಿದು ಮೆಟ್ಟಿಲೇರಿ ಬಂದರು. ಸಂಜೆಯೊಳಗೆ ಹೊರಗೆ ಹೋಗಬೇಕು, ಇಲ್ಲವಾದರೆ ಪರಿಣಾಮ ನೆಟ್ಟಗಾಗದು ಎಂದು ಹೇಳಿ ಹೋದರು. ಅಂಬೇಡ್ಕರರು ಮಂತ್ರಿಯ ಬಂಗಲೆಗೆ ಹೋದರು, ಮಂತ್ರಿ ಮನೆಯಲ್ಲಿರಲಿಲ್ಲ. ಪರಿಚಿತನಾದ ಹಿಂದೂ ಮಿತ್ರನೊಬ್ಬನನ್ನು ಕೇಳಿದರು. ನೀವು ಬಂದರೆ ನನ್ನ ಮನೆಯ ಆಳುಗಳು ಬಿಟ್ಟುಹೋಗುವರು ಎಂದನು. ಕ್ರೈಸ್ತ ಮಿತ್ರನೊಬ್ಬನನ್ನು ಕೇಳಿದರು; ಹೆಂಡತಿಯನ್ನು ಕೇಳಿ ಹೇಳಬೇಕೆಂದನು, ಆ ಮಾತಿನ ಅರ್ಥವು ಅವರಿಗೆ ತಿಳಿಯದೆ ಹೋಗಲಿಲ್ಲ. ಮುಂಬಯಿಯ ಗಾಡಿ ರಾತ್ರಿ ಒಂಬತ್ತು ಗಂಟೆಗೆ. ಆಗ ಗಂಟೆ ನಾಲ್ಕು. ಎರಡು ಜಗದ್ವಿಖ್ಯಾತ ವಿದ್ಯಾಪೀಠಗಳಲ್ಲಿ ಅರ್ಥಶಾಸ್ತ್ರವನ್ನು ಅಭ್ಯಸಿಸಿ ಬಂದ ವಿದ್ವಾಂಸರು ಆ ಐದು ಗಂಟೆಗಳನ್ನು ಊರಂಚಿನ ಕಾಮಾಠಿ ಬಾಗಿನಲ್ಲಿ, ಆಕಾಶದ ಕೆಳಗೆ, ಕಣ್ಣೀರಿನಲ್ಲಿ ಕಳೆದರು.

ಇಲ್ಲಿ ನಿಂತು ಆ ಮುಚ್ಚಳಿಕೆಯನ್ನು ಮತ್ತೆ ಬಿಡಿಸಿ ನೋಡಬೇಕು. ಅದರಲ್ಲಿ ಸಾಲಗಾರನ ಕರ್ತವ್ಯವು ಸ್ಪಷ್ಟವಾಗಿ ಬರೆದಿದ್ದಿತು. ಅವರು ಅದನ್ನು ಮೀರಲಿಲ್ಲ, ಹಡಗಿನಿಂದ ಇಳಿದವರು ಕೆಲವೇ ವಾರಗಳಲ್ಲಿ ಸೇವೆಗೆ ಹಾಜರಾದರು. ಸಾಲಿಗನಾದ ಮಹಾರಾಜರೂ ಮಾತಿಗೆ ತಪ್ಪಿದವರಲ್ಲ, ಹುದ್ದೆಯನ್ನು ಕೊಟ್ಟರು, ಅಧಿಕಾರಿಗಳಿಗೆ ಆಜ್ಞೆಯನ್ನೂ ಕೊಟ್ಟಿದ್ದರು. ಆದರೆ ಈ ಇಬ್ಬರ ನಡುವಣ ಕರಾರು ನಡೆಯಬೇಕಾದರೆ ಮೂರನೆಯವರೊಬ್ಬರ ಸಹಿಯೂ ಬೇಕಾಗಿದ್ದಿತು. ಮನೆಯನ್ನು ಬಾಡಿಗೆಗೆ ಕೊಡುವವನ, ನೀರಿನ ಹೂಜಿಯನ್ನು ಮುಂದಿಡುವವನ, ಕಡತವನ್ನು ಕೈಯಿಂದ ಕೈಗೆ ಕೊಡುವವನ ಸಹಿ. ಆ ಮೂರನೆಯವನು ಎಂದೂ ಸಹಿ ಹಾಕಿರಲಿಲ್ಲ. ವಿದ್ಯೆಗೆ ಕೊಟ್ಟ ಸಾಲವು ಸಂಪಾದನೆಯಿಂದ ತೀರುವುದೆಂದು ಅರ್ಥಶಾಸ್ತ್ರವು ಎಣಿಸುತ್ತದೆ. ಸಂಪಾದನೆಯು ವಿದ್ಯೆಯೊಂದರಿಂದಲೇ ಹುಟ್ಟುವುದಿಲ್ಲ, ಅದನ್ನು ಹುಟ್ಟಗೊಡುವ ಊರೂ ಬೇಕು ಎಂಬುದನ್ನು ಆ ಶಾಸ್ತ್ರದ ವಿದ್ಯಾರ್ಥಿಯೊಬ್ಬರೇ ತಮ್ಮ ಬಾಳಿನಲ್ಲಿ ಕಂಡುಕೊಳ್ಳಬೇಕಾಯಿತು. ಹತ್ತು ವರ್ಷಗಳ ಕರಾರು ಹನ್ನೊಂದು ದಿನಗಳಲ್ಲಿ ಮುರಿದುಬಿದ್ದಿತು.

ಮುಂಬಯಿಗೆ ಬಂದ ಮೇಲೂ ಪದವಿಗೆ ಪೇಟೆಯಲ್ಲಿ ಬೆಲೆ ಬರಲು ತಡವಾಯಿತು. ಇಬ್ಬರು ಹುಡುಗರಿಗೆ ಮನೆಪಾಠ ಹೇಳಿದರು. ಷೇರುಪೇಟೆಯ ವ್ಯವಹಾರಗಳಲ್ಲಿ ವರ್ತಕರಿಗೆ ಸಲಹೆ ಕೊಡುವ ಕಚೇರಿಯೊಂದನ್ನು ತೆರೆದರು; ಸಲಹೆ ಚೆನ್ನಾಗಿದ್ದಿತು, ಗಿರಾಕಿಗಳೂ ಬರುತ್ತಿದ್ದರು, ಸಲಹೆಗಾರನ ಜಾತಿ ಯಾವುದೆಂದು ತಿಳಿದೊಡನೆಯೇ ಬರುವುದನ್ನು ನಿಲ್ಲಿಸಿದರು. ಪಾರ್ಸಿ ಗೃಹಸ್ಥರೊಬ್ಬರಲ್ಲಿ ಲೆಕ್ಕಪತ್ರ ಬರೆದರು. 1918ರ ನವೆಂಬರಿನಲ್ಲಿ ಸಿಡೆನ್‌ಹ್ಯಾಮ್ ವಾಣಿಜ್ಯ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕತ್ವವು ದೊರೆಯಿತು; ಸಂಬಳ ತಿಂಗಳಿಗೆ 450 ರೂಪಾಯಿ. ಅವರ ಪಾಠವನ್ನು ಕೇಳಲು ಬೇರೆ ಕಾಲೇಜುಗಳ ಹುಡುಗರೂ ಅಪ್ಪಣೆ ಪಡೆದು ಬಂದು ಕೂರುತ್ತಿದ್ದರು; ಅಧ್ಯಾಪಕರ ಕೊಠಡಿಯ ನೀರಿನ ಪಾತ್ರೆಯನ್ನು ಅವರು ಮುಟ್ಟಬಾರದೆಂದು ಸಹೋದ್ಯೋಗಿಗಳಲ್ಲಿ ಕೆಲವರು ಆಕ್ಷೇಪಿಸುತ್ತಲೂ ಇದ್ದರು.

ಈ 450 ರೂಪಾಯಿಗಳನ್ನು ಹಿಂದಿನ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದರೆ, ಮೂರು ವರ್ಷಗಳ ಅಮೇರಿಕಾ ವೇತನದ ಮೊತ್ತವು ಹದಿನಾಲ್ಕು ತಿಂಗಳ ಸಂಬಳಕ್ಕೂ ತುಸು ಕಡಮೆ. ಪೇಟೆಯು ಪಕ್ಷಪಾತವಿಲ್ಲದೆ ನಡೆದುಕೊಂಡಿದ್ದರೆ ಆ ವಿದ್ಯೆಯು ತನ್ನ ವೆಚ್ಚವನ್ನು ಎಷ್ಟು ಶೀಘ್ರವಾಗಿ ತಾನೇ ತೆರಬಲ್ಲುದಾಗಿದ್ದಿತೆಂಬುದಕ್ಕೆ ಬೇರೆ ಪ್ರಮಾಣ ಬೇಡ. ಆದರೆ ಅಂಬೇಡ್ಕರರ ಮನಸ್ಸು ಸಂಬಳದಲ್ಲಿ ನಿಲ್ಲಲಿಲ್ಲ. ಪರೇಲಿನ ಚಾಳಿನ ಎರಡು ಕೋಣೆಗಳಲ್ಲಿ ಸಂಸಾರವನ್ನು ಸಾಗಿಸುತ್ತ, ಪತ್ನಿ ರಮಾಬಾಯಿಯವರ ಕೈಗೆ ಖರ್ಚಿಗೆಂದು ಇಷ್ಟೇ ಎಂದು ಅಳೆದು ಕೊಟ್ಟು, ಉಳಿದುದನ್ನು ಕೂಡಿಹಾಕಿದರು. ಆ ತಾಯಿಯ ಹೆಸರು ಯಾವ ಪದವಿಪತ್ರದಲ್ಲಿಯೂ ಇಲ್ಲ. ಆ ಪದವಿಗಳ ಸಾಲದಲ್ಲಿ ಅವರ ಪಾಲು ಎಲ್ಲರಿಗಿಂತ ಹೆಚ್ಚಿನದು. ಕೂಡಿಹಾಕಿದುದು ಸಾಲದೆ ಹೋದಾಗ ಕೊಲ್ಹಾಪುರದ ಶಾಹು ಮಹಾರಾಜರು ನೆರವಾದರು. ಕೊಲಂಬಿಯದಲ್ಲಿ ಜೊತೆಗಿದ್ದ ಪಾರ್ಸಿ ಮಿತ್ರ ನವಲ್ ಭಥೇನಾ 5,000 ರೂಪಾಯಿ ಸಾಲ ಕೊಟ್ಟರು. ಬರೋಡಾದ ವಸತಿಗೃಹಕ್ಕೆ ಕೋಲು ಹಿಡಿದು ಬಂದವರೂ ಪಾರ್ಸಿಗಳೇ, ಯಾವ ಅಡವೂ ಇಲ್ಲದೆ ಇಷ್ಟು ಹಣವನ್ನು ಎಣಿಸಿಕೊಟ್ಟವರೂ ಪಾರ್ಸಿಯೇ. ಆದುದರಿಂದ ಜನಾಂಗಗಳ ಮೇಲೆ ತೀರ್ಪು ಕೊಡಲು ಹೊರಟವರು ಸ್ವಲ್ಪ ತಡೆಯಬೇಕು. ನಾಲ್ಕು ವರ್ಷಗಳ ಗಡುವು ತೀರಲು ವರ್ಷಕ್ಕೆ ಸ್ವಲ್ಪ ಹೆಚ್ಚು ಕಾಲವಿರುವಾಗ, 1920ರ ಜುಲೈಯಲ್ಲಿ, ಅವರು ಮತ್ತೆ ಹಡಗನ್ನೇರಿದರು.

ಆ ಎರಡನೆಯ ಸಾಲಕ್ಕೂ ಅವರು ಬರೆದ ಪ್ರಬಂಧಕ್ಕೂ ಇರುವ ಸಂಬಂಧವನ್ನು ಗಮನಿಸಿದವರು ವಿರಳ. ಹದಿನಾರು ಪೆನ್ಸಿಗೆ ನಿಂತಿದ್ದ ರೂಪಾಯಿಯು ಯುದ್ಧಕಾಲದಲ್ಲಿ ಬೆಳ್ಳಿಯ ಬೆಲೆಯೊಡನೆ ಏರುತ್ತ ಹೋಗಿ, 1920ರಲ್ಲಿ ಸರ್ಕಾರವು ಅದನ್ನು ಎರಡು ಷಿಲ್ಲಿಂಗಿಗೆ ಕಟ್ಟಿಹಾಕಲು ಯತ್ನಿಸಿ, ಆ ಯತ್ನವು ಸಂಪೂರ್ಣವಾಗಿ ವಿಫಲವಾಗಿ, ಮರುವರ್ಷವೇ ಅದು ಹದಿನಾರು ಪೆನ್ಸಿಗಿಂತಲೂ ಕೆಳಗೆ ಕುಸಿದಿದ್ದಿತು. ಐದು ಸಾವಿರ ರೂಪಾಯಿಯೆಂದರೆ ಎರಡು ಷಿಲ್ಲಿಂಗಿನ ದರದಲ್ಲಿ 500 ಪೌಂಡು. ಹದಿನಾರು ಪೆನ್ಸಿನ ದರದಲ್ಲಿ 333 ಪೌಂಡು. ಲಂಡನ್ನಿನಲ್ಲಿ ರೂಪಾಯಿಯ ಸಾಲದ ಮೇಲೆ ಬದುಕುವ ವಿದ್ಯಾರ್ಥಿಗೆ ಈ ಅಂತರವು ಗ್ರಂಥದ ವಿಷಯ ಮಾತ್ರವಲ್ಲ, ರಾತ್ರಿಯ ಊಟದ ವಿಷಯ. ಬ್ರಿಟಿಷ್ ಮ್ಯೂಸಿಯಮ್ಮಿನ ವಾಚನಾಲಯದಲ್ಲಿ ಬಾಗಿಲು ತೆರೆದಾಗ ಕುಳಿತು ಮುಚ್ಚುವಾಗ ಏಳುತ್ತಿದ್ದ ಅವರ ರಾತ್ರಿಯ ಹಸಿವನ್ನು ಊರಿನಿಂದ ಬಂದ ಹಪ್ಪಳಗಳೂ ಒಂದು ಲೋಟ ಹಾಲೂ ತಣಿಸುತ್ತಿದ್ದುವು. 1921ರಲ್ಲಿ ಎಂ.ಎಸ್‌ಸಿ. ಪದವಿಯಾಯಿತು; 1922ರಲ್ಲಿ ಬ್ಯಾರಿಸ್ಟರರಾದರು; ಅದೇ ವರ್ಷ ರೂಪಾಯಿಯ ಸಮಸ್ಯೆಯನ್ನು ಕುರಿತ ಮಹಾಪ್ರಬಂಧವನ್ನು ಸಲ್ಲಿಸಿದರು. ಬ್ರಿಟಿಷರ ಹಣದ ನೀತಿಯನ್ನು ತೀಕ್ಷ್ಣವಾಗಿ ಪರೀಕ್ಷಿಸಿದ್ದ ಅದನ್ನು ಪರೀಕ್ಷಕರು ತಿದ್ದಿ ಬರೆಯುವಂತೆ ಹಿಂದಿರುಗಿಸಿದರು. ಅಷ್ಟರಲ್ಲಿ ಕೈಯಲ್ಲಿದ್ದ ಹಣವು ಮುಗಿಯಿತು. ಮುಂಬಯಿಗೆ ಬಂದು ಅಲ್ಲಿಂದಲೇ ತಿದ್ದಿ ಕಳುಹಿಸಿದ ಪ್ರಬಂಧಕ್ಕೆ 1923ರಲ್ಲಿ ಡಿ.ಎಸ್‌ಸಿ. ಪದವಿ ಸಂದಿತು.

ಇದೇ ವರ್ಷಗಳಲ್ಲಿ ನಮ್ಮ ಮೈಸೂರಿನಲ್ಲಿಯೂ ಪದವಿ ಮತ್ತು ಸಂಬಳಗಳ ನಡುವಣ ಬಾಗಿಲಿನ ಪ್ರಶ್ನೆಯು ಎದ್ದಿದ್ದಿತು. 1916ರಲ್ಲಿ ವಿಶ್ವವಿದ್ಯಾಲಯವು ಸ್ಥಾಪಿತವಾಗಿ ಪದವೀಧರರು ಹೊರಬರತೊಡಗಿದ್ದರೂ, ಸರ್ಕಾರದ ಹುದ್ದೆಗಳು ಒಂದು ಸಮುದಾಯದವರಿಗೇ ಬಹುಮಟ್ಟಿಗೆ ಸಲ್ಲುತ್ತಿದ್ದುವು. ಉಳಿದ ಸಮುದಾಯಗಳ ಪ್ರಜಾಮಿತ್ರಮಂಡಲಿಯವರ ಮನವಿಯ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧವೂ ಕೆಳಗಿನವುಗಳಲ್ಲಿ ಮೂರನೆಯ ಎರಡು ಪಾಲೂ ಉಳಿದ ಸಮುದಾಯಗಳಿಗೆ ಸಲ್ಲಬೇಕೆಂದು ಅದು ಶಿಫಾರಸು ಮಾಡಿತು. ದಿವಾನ್ ವಿಶ್ವೇಶ್ವರಯ್ಯನವರಿಗೆ ಈ ನೀತಿಯು ಸಮ್ಮತವಾಗಲಿಲ್ಲ. ಅವರು ಅಧಿಕಾರವನ್ನು ಬಿಟ್ಟರು. ಅವರ ಶಂಕೆಯು ದಕ್ಷತೆಯ ಮೇಲಣ ಪ್ರೀತಿಯಿಂದ ಹುಟ್ಟಿದುದೆಂಬುದನ್ನು ಒಪ್ಪಿಯೂ, ಮಹಾರಾಜರ ನಿರ್ಧಾರವೇ ಸರಿಯಾದುದೆಂದು ನಾನು ಹೇಳುತ್ತೇನೆ. ಕಲಿಸುವುದಕ್ಕೆ ಹಣ ಕೊಟ್ಟು, ಕಲಿತವನಿಗೆ ಬಾಗಿಲು ಮುಚ್ಚಿದರೆ, ಕೊಟ್ಟ ಹಣವೂ ಹಾಳು, ಕಲಿತವನ ಬಾಳೂ ಹಾಳು.

ಅಂಬೇಡ್ಕರರು ತಮ್ಮ ಋಣವನ್ನು ಬರೋಡಾದ ಕಚೇರಿಯಲ್ಲಿ ಕುಳಿತು ತೀರಿಸಲಾಗಲಿಲ್ಲ. ಬೇರೆ ಕಡೆಗಳಲ್ಲಿ ತೀರಿಸಿದರು. 1925ರ ಜನವರಿಯಲ್ಲಿ ಅವರ ಬಹಿಷ್ಕೃತ ಹಿತಕಾರಿಣೀ ಸಭೆಯು ಸೊಲ್ಲಾಪುರದಲ್ಲಿ ದಲಿತ ವಿದ್ಯಾರ್ಥಿಗಳಿಗೆ ವಸತಿನಿಲಯವನ್ನು ತೆರೆಯಿತು. ಕೆಲವು ವರ್ಷಗಳಲ್ಲಿಯೇ ಮುಂಬಯಿ ಪ್ರಾಂತದ ಬೇರೆ ಊರುಗಳಲ್ಲಿಯೂ ಅಂಥ ನಿಲಯಗಳಾದುವು. ಅವುಗಳಲ್ಲಿ ಒಂದು ನಮ್ಮ ಧಾರವಾಡದಲ್ಲಿ. ಏಳು ಮನೆಗಳಿಲ್ಲದ ಹುಡುಗನಿಗೆ ಒಂದು ಮನೆಯಾದರೂ ಆಯಿತು. ವೈಸರಾಯರ ಕಾರ್ಯಕಾರಿ ಮಂಡಲಿಯಲ್ಲಿ ಕಾರ್ಮಿಕ ಸದಸ್ಯರಾದ ಮೇಲೆ, 1942ರ ಅಕ್ಟೋಬರಿನಲ್ಲಿ, ಅವರು ವೈಸರಾಯರಾಗಿದ್ದ ಲಿನ್‌ಲಿಥ್‌ಗೋ ಅವರಿಗೆ ದೀರ್ಘವಾದ ಮನವಿಯೊಂದನ್ನು ಒಪ್ಪಿಸಿ, ಪರಿಶಿಷ್ಟ ಜಾತಿಗಳ ವಿದ್ಯಾರ್ಥಿಗಳ ಉಚ್ಚಶಿಕ್ಷಣಕ್ಕೂ ವಿದೇಶದ ವ್ಯಾಸಂಗಕ್ಕೂ ಸರ್ಕಾರವು ಪ್ರತಿ ವರ್ಷ ಹಣವನ್ನು ತೆಗೆದಿಡಬೇಕೆಂದು ಒತ್ತಾಯಿಸಿದರು.  1944ರಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವು ಆರಂಭವಾಯಿತು. ಕೇರಳದ ಉಳವೂರಿನ ಬಡ ದಲಿತ ಮನೆಯಲ್ಲಿ ಹುಟ್ಟಿ, ಶುಲ್ಕ ಕಟ್ಟಲಾಗದೆ ಎಷ್ಟೋ ದಿನ ತರಗತಿಯ ಹೊರಗೆ ನಿಂತು ಪಾಠ ಕೇಳಿದ್ದ ಕೆ. ಆರ್. ನಾರಾಯಣನ್ನರು ಮರುವರ್ಷ ಟಾಟಾ ವಿದ್ಯಾರ್ಥಿವೇತನದಿಂದ ಅದೇ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿಗೆ ಹೋದರು. 1997ರಲ್ಲಿ ಅವರು ರಾಷ್ಟ್ರಪತಿಗಳಾದರು.

ಸ್ವತಂತ್ರ ಭಾರತದಲ್ಲಿ ಮುಚ್ಚಳಿಕೆಯು ಮತ್ತೆ ಸಾಲದ ರೂಪಕ್ಕೆ ತಿರುಗಿತು. 1955ರಲ್ಲಿ ಅಮೇರಿಕಾದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ನರು, ವಿದ್ಯಾರ್ಥಿಯ ಮುಂದಿನ ಸಂಪಾದನೆಯಲ್ಲಿ ಒಂದು ಪಾಲನ್ನು ಹಿಡಿದುಕೊಳ್ಳುವ ಕರಾರಿನ ಮೇಲೆ ಅವನಿಗೆ ಹಣ ಕೊಡಬಹುದೆಂದು ಬರೆದರು. ಸಂಪಾದನೆ ಕಡಮೆಯಾದರೆ ಮರುಪಾವತಿಯೂ ಕಡಮೆಯೆಂಬುದು ಅದರ ಒಳ್ಳೆಯ ಗುಣ. ನಮ್ಮಲ್ಲಿ ಹಾಗಾಗಲಿಲ್ಲ. 1963ರಲ್ಲಿ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನವು ಬಂದಿತು. ಶತಮಾನದ ಕಡೆಯಲ್ಲಿ, ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನ ಅಧ್ಯಕ್ಷರಾಗಿದ್ದ ಆರ್. ಜೆ. ಕಾಮತರ ನೇತೃತ್ವದ ಮಂಡಲಿಯು ಸಿದ್ಧಪಡಿಸಿದ ಮಾದರಿ ಶಿಕ್ಷಣಸಾಲದ ಯೋಜನೆಯನ್ನು 2001ರಲ್ಲಿ ದೇಶದ ಬ್ಯಾಂಕುಗಳು ಕೈಗೊಂಡುವು: ಸ್ವದೇಶದ ಓದಿಗೆ 7.5 ಲಕ್ಷ, ವಿದೇಶದ ಓದಿಗೆ 15 ಲಕ್ಷ ರೂಪಾಯಿಗಳವರೆಗೆ. 4 ಲಕ್ಷದವರೆಗೆ ಅಡವಿರಲಿಲ್ಲ. ಓದು ಮುಗಿದು ಒಂದು ವರ್ಷಕ್ಕೆ, ಇಲ್ಲವೆ ಉದ್ಯೋಗ ದೊರೆತು ಆರು ತಿಂಗಳಿಗೆ, ಯಾವುದು ಮೊದಲೋ ಅಂದಿನಿಂದ ಕಂತು ಆರಂಭವಾಗುತ್ತಿದ್ದಿತು. ಉದ್ಯೋಗ ದೊರೆಯದಿದ್ದರೂ ವರ್ಷ ತುಂಬಿದೊಡನೆ ಕಂತು ಬಂದು ನಿಲ್ಲುತ್ತಿದ್ದಿತು. ಈ ಕಾಗದದಲ್ಲಿಯೂ ಸಹಿ ಹಾಕುವವರು ವಿದ್ಯಾರ್ಥಿ, ಅವನ ತಂದೆ, ಬ್ಯಾಂಕಿನ ಅಧಿಕಾರಿ, ಇಷ್ಟೇ ಮಂದಿ. ಬರೋಡಾದಲ್ಲಿ ಬಿಟ್ಟುಹೋಗಿದ್ದ ಆ ಮೂರನೆಯ ಸಹಿಗೆ ಇದರಲ್ಲಿಯೂ ಸ್ಥಳವಿಲ್ಲ.

ಕೊಲಂಬಿಯದ ಪದವಿಯ ಮಾತೊಂದು ಉಳಿದಿದೆ. ಪ್ರಬಂಧವು ಮುದ್ರಣಗೊಂಡು ಅದರ ಪ್ರತಿಗಳು ಸಲ್ಲಿಕೆಯಾಗುವವರೆಗೆ ಪಿಎಚ್.ಡಿ. ಪದವಿಯನ್ನು ಕೊಡಬಾರದೆಂಬುದು ಆ ವಿಶ್ವವಿದ್ಯಾಲಯದ ನಿಯಮ. 1916ರಲ್ಲಿ ಬರೆದು ಮುಗಿಸಿದ ಪ್ರಬಂಧವನ್ನು ಪರಿಷ್ಕರಿಸಿ, ಬ್ರಿಟಿಷ್ ಭಾರತದಲ್ಲಿ ಪ್ರಾಂತೀಯ ಹಣಕಾಸಿನ ವಿಕಾಸವೆಂಬ ವಿಷಯದ ಗ್ರಂಥವಾಗಿ ಅಂಬೇಡ್ಕರರು ಲಂಡನ್ನಿನ ಪಿ. ಎಸ್. ಕಿಂಗ್ ಪ್ರಕಾಶನದಿಂದ 1925ರಲ್ಲಿ ಹೊರತಂದರು; ಪದವಿಯು ವಿಧಿವತ್ತಾಗಿ ಕೈಗೆ ಬಂದುದು 1927ರಲ್ಲಿ. ಆ ಗ್ರಂಥವನ್ನು ಅವರು, ತಮ್ಮ ವಿದ್ಯಾಭ್ಯಾಸಕ್ಕೆ ಮಾಡಿದ ಸಹಾಯಕ್ಕಾಗಿ ಕೃತಜ್ಞತೆಯಿಂದ, ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರಿಗೆ ಅರ್ಪಿಸಿದ್ದಾರೆ.